ದಿಡ್ಡಿ ಮನೆಯವರು

ಹುತ್ರಿದುರ್ಗದ ಕೋಟೆಯಲ್ಲಿ ಈಗ ಕಾಯುವುದಕ್ಕೆ ಏನೂ ಉಳಿದಿಲ್ಲ. ಭಾನುವಾರ ಬೈಕಿನಲ್ಲಿ ಬರುವವರು ಸೆಲ್ಫಿ ತೆಗೆದುಕೊಂಡು, ಚಿಪ್ಸ್ ಪ್ಯಾಕೆಟ್ಟು ಎಸೆದು ಇಳಿದುಹೋಗುತ್ತಾರೆ. ಆದರೆ ಕೋಟೆ ಕಾದವರ ಮನೆತನದ ಹೆಸರುಗಳು ಮಾತ್ರ ಇನ್ನೂ ಗಟ್ಟಿಯಾಗಿವೆ. ಕೋವಿಗೆ ಮದ್ದು ಅರೆದವರು ಮದ್ದಿನ ಮನೆಯವರು, ಕಹಳೆ ಊದಿದವರು ಕಹಳೆ ಮನೆಯವರು. ಹೆಬ್ಬಾಗಿಲು ಮುಚ್ಚಿದ ಮೇಲೆ ಒಬ್ಬೊಬ್ಬರನ್ನೇ ತಲೆ ಬಗ್ಗಿಸಿ ಒಳಗೆ ಬಿಡುತ್ತಿದ್ದ ಸಣ್ಣ ಬಾಗಿಲನ್ನು ಕಾದವರು ದಿಡ್ಡಿ ಮನೆಯವರು. ಹೊಂಬಾಳಮ್ಮ ಆ ಮನೆಯ ಮಗಳು.

ಮಗಳಷ್ಟೇ ಅಲ್ಲ, ಕೊನೆಯವಳು. ತಂದೆ ಪುಟ್ಟರಂಗಯ್ಯನಿಗೆ ಗಂಡುಮಕ್ಕಳಿರಲಿಲ್ಲ, ದಾಯಾದಿಗಳೂ ಇರಲಿಲ್ಲ. ಇದ್ದೊಬ್ಬ ಮಗಳನ್ನು ಮದ್ದಿನ ಮನೆಗೆ ಕೊಟ್ಟ. ಮಕ್ಕಳಾಗಲಿಲ್ಲವೆಂದು ಆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಎದುರಿಗೆ ನಿಂತು ಹೇಳುವಷ್ಟು ಮರ್ಯಾದೆಯೂ ಆ ಮಹಾನುಭಾವನಿಗಿರಲಿಲ್ಲ, ಹೊಂಬಾಳಮ್ಮನ ಟ್ರಂಕನ್ನು ಜಗುಲಿಗೆ ತಂದಿಟ್ಟ, ಅಷ್ಟೆ.

ಅಂದಿನಿಂದ ಅವಳಿಗೆ ತುಮಕೂರಿನ ಉಪ್ಪಾರಹಳ್ಳಿಯೇ ಗತಿ. ಅಲ್ಲಿನ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಹುಡುಗಿಯರು ಆಂಟಿ ಎನ್ನುತ್ತಾರೆ, ಓನರು ಅಡುಗೆಯವ್ರೇ ಎನ್ನುತ್ತಾನೆ. ಹೆಸರು ಹಿಡಿದು ಕರೆಯುವ ಒಂದು ಪ್ರಾಣಿಯೂ ಇಲ್ಲ. ರಜೆ ಬಂದು ಹಾಸ್ಟೆಲು ಖಾಲಿಯಾದರೆ ತನ್ನೊಬ್ಬಳಿಗಾಗಿ ಮುದ್ದೆ ತಿರುವಲು ಬೇಜಾರಾಗಿ, ಟೀಗೆ ಬನ್ನು ಅದ್ದಿ ತಿಂದು ಮಲಗುತ್ತಾಳೆ. ಆ ದಿನಗಳು ಅವಳಿಗೆ ಆಗಿಬರುವುದಿಲ್ಲ.

ಈ ಕೋಟೆ ಮನೆತನದವರ ಮದುವೆಗಳಲ್ಲಿ ಒಂದು ಪದ್ಧತಿಯಿದೆ. ಧಾರೆಗೆ ಮೊದಲು ಕುಲದ ಯಜಮಾನರು ಕೋಟೆ ಮನೆಗಳನ್ನು ಒಂದೊಂದಾಗಿ ಕೂಗಿ ವೀಳ್ಯ ಕೊಡುತ್ತಾರೆ. ಆಯಾ ಮನೆಯ ಗಂಡಸೊಬ್ಬ ಎದ್ದು ಓಗೊಟ್ಟು ಈಸಿಕೊಳ್ಳಬೇಕು. ಓಗೊಡದ ಮನೆಯನ್ನು ಮುಂದಿನ ಮದುವೆಯಿಂದ ಯಾರೂ ಕರೆಯುವುದಿಲ್ಲ. ಇಷ್ಟು ವರ್ಷ ಪುಟ್ಟರಂಗಯ್ಯ ಏಳುತ್ತಿದ್ದ. ಕಳೆದ ಯುಗಾದಿಗೆ ಮುಂಚೆ ಅವನೂ ತೀರಿಕೊಂಡ. ಅದಾದ ಮೇಲೆ ಬಂದ ಮೊದಲ ಮದುವೆ ಗುಬ್ಬಿಯಲ್ಲಿತ್ತು. ಅಪ್ಪನ ಮನೆಯ ಹೆಸರು ಅಲ್ಲಿಗೆ ಮುಗಿಯುತ್ತದೆಂದು ಹೊಂಬಾಳಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ಇಸ್ತ್ರಿ ಸೀರೆ ಉಟ್ಟು ಬಸ್ಸು ಹತ್ತಿದಳು.

ಛತ್ರದಲ್ಲಿ ಯಜಮಾನ ವೆಂಕಟರಂಗಯ್ಯ ತಟ್ಟೆ ಹಿಡಿದು ನಿಂತರು. ಕಹಳೆ ಮನೆ ಆಯಿತು, ಮದ್ದಿನ ಮನೆ ಆಯಿತು.

"ದಿಡ್ಡಿ ಮನೆಯವ್ರು!"

ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದರು.

"ಆ ಮನೆ ಹೋಯ್ತಲ್ಲ ಯಜಮಾನ್ರೇ, ಮುಂದಕ್ಕೋಗಿ," ಎಂದ ಯಾರೋ ಒಬ್ಬ. ಊಟಕ್ಕೆ ಹೊತ್ತಾಗುತ್ತದೆಂಬ ಚಿಂತೆ ಅವನಿಗೆ.

ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತಳು. ಪಕ್ಕದಲ್ಲಿದ್ದ ಪುಟ್ಟತಾಯಮ್ಮ ಸೆರಗು ಜಗ್ಗಿ, "ಕೂತ್ಕಳೇ, ಹೆಂಗಸ್ರು ಏಳಂಗಿಲ್ಲ ಕಣೇ," ಎಂದು ಪಿಸುಗುಟ್ಟಿದಳು.

"ಇದೀನಿ," ಎಂದಳು ಹೊಂಬಾಳಮ್ಮ. ದನಿ ಅವಳಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ವೆಂಕಟರಂಗಯ್ಯ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನೀನು ಮದ್ದಿನ ಮನೆಗೆ ಕೊಟ್ಟ ಹೆಣ್ಣಲ್ವೇನವ್ವಾ? ಆ ಮನೆ ವೀಳ್ಯ ಆಗ್ಲೇ ಹೋಯ್ತು."

"ಕೊಟ್ಟಿದ್ರಿ. ಅವ್ರು ಇಟ್ಕಳ್ಳಿಲ್ಲ."

ಮದ್ದಿನ ಮನೆಯವರು ಕೂತಿದ್ದ ಸಾಲಿನಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಯಜಮಾನರು ತಟ್ಟೆಯಿಂದ ಎಲೆ ಅಡಿಕೆ ತೆಗೆದು ಅವಳತ್ತ ಚಾಚಿದರು. ಹೊಂಬಾಳಮ್ಮ ಮುಂದೆ ಹೋಗಿ ಸೆರಗೊಡ್ಡಿ ಈಸಿಕೊಂಡಳು. ಎಷ್ಟೋ ವರ್ಷಗಳ ಮೇಲೆ ತನ್ನನ್ನು ಯಾರೋ ಕರೆದರು ಅನ್ನಿಸಿತು ಅವಳಿಗೆ.

ವೀಳ್ಯ ಹಿಡಿದವರನ್ನು ಯಜಮಾನರು ಕೇಳುವ ಮಾತೊಂದಿದೆ. ಎಲ್ಲರನ್ನೂ ಕೇಳಿದ್ದರು, ರೂಢಿಯಲ್ಲಿ ಅವಳನ್ನೂ ಕೇಳಿಬಿಟ್ಟರು.

"ನಿನ್ ಹಿಂದೆ ಬರೋರು ಯಾರವ್ವಾ?"

ಬೇರೆಯವರು ಮಗನನ್ನೋ ಮೊಮ್ಮಗನನ್ನೋ ತೋರಿಸಿದ್ದರು. ಕೇಳಿದ ಮೇಲೆ ಯಜಮಾನರು ನಾಲಿಗೆ ಕಚ್ಚಿಕೊಂಡರು. ಹೊಂಬಾಳಮ್ಮ ಒಮ್ಮೆ ಹಿಂದಕ್ಕೆ ತಿರುಗಿಯೂ ನೋಡಿದಳು.

"ಯಾರೂ ಇಲ್ಲ ಯಜಮಾನ್ರೇ. ನಾನಿರೋಗಂಟ ಕರೀರಿ. ಆಮೇಲೆ ಬುಟ್ಬುಡಿ."

ವೆಂಕಟರಂಗಯ್ಯ ಆಗಲೆಂಬಂತೆ ತಲೆಯಾಡಿಸಿ, ಮುಂದಿನ ಮನೆಯನ್ನು ಕೂಗಿದರು.