ಲೈನಿನ ಕೆಳಗಿನ ಕಟ್ಟೆ

ನಮ್ಮ ಹಿಪ್ಪುನೇರಳೆ ತೋಟದ ಮೇಲೆ ಹೈಟೆನ್ಷನ್ ಲೈನು ಹಾದುಹೋಗಿದೆ. ನಾನು ಹುಟ್ಟುವ ಮೊದಲೇ ಎಳೆದದ್ದು. ಹನಿ ಬೀಳುವಾಗ ಗುಂಯ್ ಎನ್ನುತ್ತದೆ. ಅದು ಬಿಟ್ಟರೆ ನಮಗೂ ಅದಕ್ಕೂ ಯಾವ ತಕರಾರೂ ಇರಲಿಲ್ಲ. ಅದರಡಿಯಲ್ಲೇ ಸೊಪ್ಪು ಕೊಯ್ದು, ರೇಷ್ಮೆ ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬರುತ್ತಿದ್ದೆವು. ಅಪ್ಪ ತೀರಿಕೊಂಡಾಗ ಅದರಡಿಯಲ್ಲೇ ಇದ್ದ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದೆವು.

ನಮ್ಮವರಲ್ಲಿ ಸುಡುವ ಪದ್ಧತಿಯಿಲ್ಲ. ಜಮೀನಿದ್ದವರು ಜಮೀನಿನಲ್ಲೇ ಮಲಗುತ್ತಾರೆ. ಅಪ್ಪನ ಎಡಗಡೆ ಅಮ್ಮ ತನಗೆಂದು ಜಾಗ ಬಿಡಿಸಿಕೊಂಡಿದ್ದಳು. ಹಿಪ್ಪುನೇರಳೆ ಸಾಲುಗಳು ಅಲ್ಲಿಗೆ ಬಂದು ನಿಂತು, ಒಬ್ಬ ಮನುಷ್ಯನಷ್ಟು ಉದ್ದ ಬಿಟ್ಟು, ಆಚೆಯಿಂದ ಮತ್ತೆ ಶುರುವಾಗುತ್ತಿದ್ದವು. ಕೂಲಿಗೆ ಬಂದ ಹೊಸಬರು ಅಲ್ಲಿ ಕಡ್ಡಿ ನೆಡಲು ಹೋದರೆ, ಅದು ನನ್ನ ಮನೆ ಬಿಡ್ರಪ್ಪ, ಎಂದು ತಡೆಯುತ್ತಿದ್ದಳು. ಸಂಜೆ ಮರದಡಿ ಕೂತು ಅಪ್ಪನ ಜೊತೆ ತೆಲುಗಿನಲ್ಲಿ ಹರಟುವುದು ಅವಳ ಅಭ್ಯಾಸ. ಮದುವೆಯಾದ ಲಾಗಾಯ್ತು ಅವರಿಬ್ಬರ ಮಾತು ತೆಲುಗಿನಲ್ಲೇ. ಕನ್ನಡ ನನಗೆ ಮತ್ತು ಊರಿಗೆ.

ಹೋದ ವರ್ಷ ಲೈನು ಬದಲಿಸುತ್ತಾರೆಂದು ಸುದ್ದಿ ಬಂತು. ಹಳೆಯ ತಂತಿ ತೆಗೆದು, ಹೆಚ್ಚು ಕರೆಂಟು ಹೊರುವ ತಂತಿ ಹಾಕುತ್ತಾರಂತೆ. ನಮ್ಮನ್ನು ಒಂದು ಮಾತು ಕೇಳಬೇಡವೇ ಎಂದು ನಾನು ಚಿಕ್ಕಬಳ್ಳಾಪುರದ ಕರೆಂಟು ಆಫೀಸಿಗೆ ಹೋಗಿ ವಿಚಾರಿಸಿದೆ. ಹೊಸ ಲೈನು ಎಳೆದರೆ ನೋಟಿಸು, ತಕರಾರು ಸಭೆ ಎಲ್ಲ ಇರುತ್ತದಂತೆ. ಇರುವ ದಾರಿಯಲ್ಲೇ ಇರುವುದನ್ನು ದೊಡ್ಡದು ಮಾಡಿದರೆ ಅದು ದುರಸ್ತಿಯಂತೆ, ಯಾರನ್ನೂ ಕೇಳಬೇಕಾಗಿಲ್ಲವಂತೆ. ನಾನು ನನ್ನ ಹೆಂಚಿನ ಮನೆಯ ಮೇಲೆ ಮಹಡಿ ಎಬ್ಬಿಸಿ ದುರಸ್ತಿ ಎಂದರೆ ಇವರು ಒಪ್ಪುತ್ತಾರೇನು? ಹಾಗೆಂದು ಕೇಳಿಯೂಬಿಟ್ಟೆ. ಅಲ್ಲಿದ್ದವರು ನಕ್ಕು, ಕೂತ್ಕೊಳ್ಳಿ ಮೇಡಂ, ಟೀ ಕುಡೀರಿ, ಎಂದರು.

ಆಮೇಲೆ ಅಳತೆಗೆ ಬಂದ ಎಂಜಿನಿಯರು ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಹೆಚ್ಚು ಕರೆಂಟು ಹರಿದರೆ ತಂತಿ ಕಾದು ಜೋತುಬೀಳುತ್ತದೆ, ಅದಕ್ಕೇ ಕೆಳಗೆ ಮತ್ತು ಎರಡೂ ಪಕ್ಕ ಇಷ್ಟು ಜಾಗ ಖಾಲಿ ಇರಬೇಕು ಎಂದು ವಿವರಿಸಿದರು. ಹಿಪ್ಪುನೇರಳೆ ಗಿಡ್ಡ ಬೆಳೆ, ಇರಲಿ. ಹೊಂಗೆಯ ಮೇಲಿನ ಕೊಂಬೆ ಮಾತ್ರ ಸವರುತ್ತೇವೆ, ಮರಕ್ಕೇನೂ ಆಗುವುದಿಲ್ಲ ಎಂದರು. ಕಟ್ಟಡ ಇರಬಾರದು, ಜನ ಸೇರುವ ಜಾಗ ಇರಬಾರದು, ಅದು ನಿಯಮ. ನಾನು ನಂಬಿದೆ.

ಅಮ್ಮ ನಂಬಲಿಲ್ಲ. ಹೆದ್ದಾರಿ ಅಗಲ ಮಾಡುವಾಗ ಸಾಲುಮರಗಳೆಲ್ಲ ಉರುಳಿ, ಬುಡದಲ್ಲಿ ಕಲ್ಲು ನಿಲ್ಲಿಸಿ ಪೂಜೆ ಮಾಡಿದ್ದ ಒಂದೇ ಮರ ಉಳಿದದ್ದನ್ನು ಅವಳು ಬಸ್ಸಿನಿಂದ ಕಂಡಿದ್ದಳು. ನಾನು ಗೂಡು ಹಾಕಲು ಹೋಗಿದ್ದ ದಿನ ಗಾರೆಯವನನ್ನು ಕರೆಸಿ, ಮರದ ಸುತ್ತ, ಅಪ್ಪನ ಮಣ್ಣುಗುಡ್ಡೆಯನ್ನೂ ಸೇರಿಸಿ, ಕಟ್ಟೆ ಕಟ್ಟಿಸಿಬಿಟ್ಟಳು. ಮೇಲೊಂದು ಕಲ್ಲು, ಅದಕ್ಕೆ ಅರಿಶಿನ ಕುಂಕುಮ. ನಾನು ಬಂದು ನೋಡಿ ತಲೆಮೇಲೆ ಕೈಹೊತ್ತೆ. ಅವಳ ಮುಖದಲ್ಲಿ ಎಂಥ ಗೆಲುವು. ಈಗ ಬರಲಿ ನೋಡೋಣ ಅವರು, ಎಂದಳು. ಆ ಗೆಲುವು ನೋಡಿ ನನಗೂ ನಗು ಬಂತು. ಕೆಲವೇ ವಾರಗಳಲ್ಲಿ ಶುಕ್ರವಾರ ಊರ ಹೆಂಗಸರು ದೀಪ ಹಚ್ಚಲು ಬಂದರು. ಯಾರೋ ಗಂಟೆಯನ್ನೂ ಕಟ್ಟಿದರು.

ಎಂಜಿನಿಯರು ಮತ್ತೆ ಬಂದಾಗ ಕಟ್ಟೆ ಕಂಡು ಮುಖ ಸಣ್ಣ ಮಾಡಿಕೊಂಡರು. ಇದು ದೇವರಲ್ಲ, ನಮ್ಮಪ್ಪ, ಎಂದು ನಾನು ಬಿಡಿಸಿ ಹೇಳಿದೆ.

"ಬರೀ ಸಮಾಧಿ ಆಗಿದ್ರೆ ನಾವು ಮುಟ್ತಾನೇ ಇರ್ಲಿಲ್ಲ ಮೇಡಂ. ಈಗ ಇದು ಜನ ಸೇರೋ ಜಾಗ. ಲೈನ್ ಕೆಳಗೆ ಬಿಡಕ್ಕಾಗಲ್ಲ" ಎಂದರು.

ತಂತಿ ಬದಲಿಸಲು ಲೈನು ಆಫ್ ಮಾಡುವ ದಿನದೊಳಗೆ ನೀವೇ ಒಡೆದುಕೊಂಡರೆ ಮರವನ್ನೂ ಗುಡ್ಡೆಯನ್ನೂ ಉಳಿಸಬಹುದು ಎಂದು ದಾರಿಯನ್ನೂ ಹೇಳಿಹೋದರು. ಗಾರೆಯವನನ್ನು ಕರೆದೆ. ಅಷ್ಟರಲ್ಲಿ ಅದು ಅವನಿಗೂ ದೇವರಾಗಿತ್ತು. ಸುತ್ತಿಗೆ ಎತ್ತಲು ಒಪ್ಪಲಿಲ್ಲ. ಊರಿನಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ನಾನೇ ಹಾರೆ ಹಿಡಿದು ಹೋದರೆ ಅಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು. ಪೂಜೆ ಮಾಡಿದ ಕಲ್ಲನ್ನು ಮನೆಯವರೇ ಕಿತ್ತರೆ ಮಗಳಾದ ನನಗೆ ಕೇಡಾಗುತ್ತದೆ ಎಂಬ ಭಯ ಅವಳಿಗೆ. ಸುಳ್ಳು ದೇವರು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ಏಳಲಿಲ್ಲ.

ದಿನ ಬಂತು, ಜೆಸಿಬಿಯೂ ಬಂತು. ಡ್ರೈವರು ಚಪ್ಪಲಿ ಬಿಟ್ಟು, ಕೈಮುಗಿದು, ಆಮೇಲೆ ಹತ್ತಿ ಕೂತ. ಕಟ್ಟೆಯ ಜೊತೆಗೆ ಗುಡ್ಡೆ ಹೋಯಿತು, ಮರ ಬೇರುಸಮೇತ ಬಂತು. ಅಮ್ಮನ ಖಾಲಿ ಜಾಗದ ಮೇಲೆ, ಆಚೀಚಿನ ಸಾಲುಗಳ ಮೇಲೆ ಚಕ್ರ ಓಡಾಡಿಸಿ, ಕೆಂಪು ಮಣ್ಣನ್ನು ಹರಡಿ ಸಮ ಮಾಡಿ ಹೋದರು. ಅಪ್ಪ ಅಲ್ಲೇ ಎಲ್ಲೋ ಇದ್ದಾರೆ. ಬೈಯಲು ಯಾರಾದರೂ ಸಿಕ್ಕಿದ್ದರೆ ಎದೆ ಹಗುರಾಗುತ್ತಿತ್ತು. ಎಲ್ಲರೂ ಮರ್ಯಾದೆಯಿಂದಲೇ ನಡೆದುಕೊಂಡಿದ್ದರು.

ಈಗ ಹೊಸ ತಂತಿ ಗುಂಯ್ ಎನ್ನುತ್ತದೆ. ಅಮ್ಮ ತೋಟಕ್ಕೆ ಹೋಗುವುದಿಲ್ಲ, ಅವಳ ಬಾಯಲ್ಲಿ ತೆಲುಗು ಕೇಳಿ ಎಷ್ಟೋ ಕಾಲವಾಯಿತು. ಟವರಿನಿಂದ ಅಳೆದು, ಅಪ್ಪ ಇದ್ದ ಜಾಗ ಅಂದಾಜು ಮಾಡಿ ಒಂದು ಗೂಟ ಹೊಡೆಯುತ್ತೇನೆ ಎಂದು ನಾನು ಹೇಳಿದ್ದೆ. ಅದಕ್ಕೆ ಅವಳು ಉತ್ತರ ಕೊಟ್ಟದ್ದು ಮೊನ್ನೆ. ಹುಳುಗಳು ಪೊರೆ ಕಳಚುವ ಕೊನೆಯ ಜ್ವರ ಬಿಟ್ಟೆದ್ದು ಹಸಿದಿದ್ದವು; ಇಬ್ಬರೂ ಸೊಪ್ಪು ಹಾಕುತ್ತಿದ್ದೆವು.

"ನನ್ನ ಸುಟ್ಬಿಡಮ್ಮ" ಎಂದಳು. "ನಿಮ್ಮಪ್ಪ ಎಲ್ಲವ್ರೋ ಗೊತ್ತಿಲ್ಲ. ಅಂದಾಜಲ್ಲಿ ತಗೊಂಡೋಗಿ ಅವರ ಮೇಲೇ ಅಗೆದ್ಬಿಟ್ರೆ?"

ಆಗಲಮ್ಮ ಎಂದೆ.