ದೊಡ್ಡ ಗಿಟಾರಿನ ಹೊಸ ತಂತಿ

ನಮ್ಮ ಮನೆಯಲ್ಲಿ ಮೂರು ಗಿಟಾರುಗಳಿವೆ. ಮನೆ ಅಂದರೆ ಕೋಲಾರದ ಒಂದು ಗಲ್ಲಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಮದುವೆಯಾದ ಹೊಸದರಲ್ಲಿ ನನಗೆ ಅದೇ ಉರಿ. ನನ್ನ ಸೀರೆಗಳೆಲ್ಲ ಸೂಟ್‌ಕೇಸಿನೊಳಗೆ ಮುದುಡಿಕೊಂಡು ಬಿದ್ದಿದ್ದರೆ ಇವು ಮಾತ್ರ ಗೋಡೆಗೆ ಬೆನ್ನು ಕೊಟ್ಟು ಜಮೀನ್ದಾರರ ಹಾಗೆ ನಿಂತಿರುತ್ತಿದ್ದವು. ನನ್ನ ಗಂಡ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಆರತಕ್ಷತೆ ಇದ್ದರೆ ಅಲ್ಲಿಗೆ ಹೋಗುತ್ತಿದ್ದ. ನಾನು ವೇಮಗಲ್ಲಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಸಂಗೀತ ನನ್ನ ತವರಿನ ಕಡೆ ಯಾರಿಗೂ ಸೋಂಕಿರಲಿಲ್ಲ. ಅವನ ಜೊತೆ ಜಗಳ ಆಡಲಿಕ್ಕಾದರೂ ಬೇಕಲ್ಲ ಅಂತ ಗಿಟಾರ್ ಕಲಿತೆ.

ಮೂರರಲ್ಲಿ ಚಿಕ್ಕದು ನನ್ನದು. ಪೂರ್ತಿ ಮಹಾಗನಿ, ಎದೆಹಲಗೆಯೂ ಬೆನ್ನೂ ಒಂದೇ ಮರ. ಸೊಂಟ ಸಣ್ಣದು, ತೊಡೆಯ ಮೇಲೆ ಮಗುವಿನ ಹಾಗೆ ಕೂರುತ್ತದೆ. ಮೀಟಿದರೆ ಸ್ವರ ಬೇಗ ಹುಟ್ಟಿ ಬೇಗ ಮುಗಿಯುತ್ತದೆ. ಹೇಳುವುದನ್ನು ಹೇಳಿ ಬಾಯಿ ಮುಚ್ಚಿಕೊಳ್ಳುವ ಜಾತಿ ಅದು. ನನಗೆ ಇಷ್ಟವಾಗಿದ್ದೇ ಆ ಗುಣ. ಅವನು ಮಾತ್ರ, "ನಿನ್ ತರಾನೇ ಕಣೇ, ಸಿಡುಕು," ಅನ್ನುತ್ತಿದ್ದ.

ನಡುವಿನದು ಹಲಸಿನದು. ಕುರುಡುಮಲೆಯ ಹತ್ತಿರ ಯಾರದೋ ಹಳೇ ಮನೆ ಕೆಡವಿದಾಗ ಸಿಕ್ಕ ಹಲಗೆಗಳನ್ನು ಅವನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಮುಳಬಾಗಿಲಿನ ಒಬ್ಬ ಬಡಗಿಯಿಂದ ಮಾಡಿಸಿದ್ದ. ವೀಣೆಗೆ ಆಗುವ ಮರ ಗಿಟಾರಿಗೆ ಯಾಕಾಗಬಾರದು ಅನ್ನುವುದು ಅವನ ವಾದ. ಬಡಗಿ ಒಳ್ಳೆಯವನೇ, ಆದರೆ ಬಾಗಿಲು ಮಾಡಿದ ಕೈ. ಎದೆಹಲಗೆಯನ್ನು ಎಷ್ಟು ಸವೆಸಬೇಕೋ ಅಷ್ಟು ಸವೆಸಲಿಲ್ಲ. ಎತ್ತಿದರೆ ಒಳಕಲ್ಲು ಎತ್ತಿದ ಹಾಗೆ ಇರುತ್ತದೆ. ದನಿ ಬರುತ್ತದೆ, ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಬರುತ್ತದೆ. ಮೂರನ್ನೂ ಹೋಲಿಸುವಾಗ ಅವನು ಇದಕ್ಕೆ ಎರಡನೇ ಸ್ಥಾನ ಕೊಡುತ್ತಿದ್ದ. ಅದು ಬರೀ ಹಟ ಅಂತ ಅವನಿಗೂ ಗೊತ್ತಿತ್ತು.

ದೊಡ್ಡದು ಅವನದು. ಅಗಲವಾದ ಹೆಗಲು, ಸೊಂಟ ಇದೆಯೋ ಇಲ್ಲವೋ ಅನ್ನುವಂಥ ಮೈ. ಅಂಗಡಿಯವರು ಅದನ್ನು ಡ್ರೆಡ್‌ನಾಟ್ ಅನ್ನುತ್ತಾರೆ. ಎದೆಹಲಗೆ ಸ್ಪ್ರೂಸ್ ಅನ್ನುವ ಚಳಿದೇಶದ ಮರ, ಬೆನ್ನು ಮತ್ತು ಪಕ್ಕೆ ಬೀಟೆ. ಸ್ಪ್ರೂಸ್ ದನಿಯನ್ನು ಎತ್ತಿ ಎಸೆಯುತ್ತದೆ, ಬೀಟೆ ಅದನ್ನು ಹಿಂದಿನಿಂದ ಹಿಡಿದುಕೊಳ್ಳುತ್ತದೆ ಅಂತ ಅವನು ವಿವರಿಸುತ್ತಿದ್ದ. ನನಗೆ ಗೊತ್ತಾಗುತ್ತಿದ್ದದ್ದು ಇಷ್ಟು: ದಪ್ಪ ತಂತಿಯನ್ನು ಮೀಟಿ ಅವನು ಎದ್ದುಹೋಗಿ ನೀರು ಕುಡಿದು ಬಂದರೂ ಆ ಸ್ವರ ಕೋಣೆಯಲ್ಲೇ ಇರುತ್ತಿತ್ತು. ಅವನ ಗಂಟಲು ಸ್ವಲ್ಪ ಕೆಳಗಿನದು, ಹಾಡುವಾಗ ಮೇಲಿನ ಸ್ವರಕ್ಕೆ ಒದ್ದಾಡುತ್ತಿದ್ದ. ಅದಕ್ಕೇ ದೊಡ್ಡದರ ಶ್ರುತಿಯನ್ನು ಎಲ್ಲರಿಗಿಂತ ಅರ್ಧ ಸ್ವರ ಇಳಿಸಿ ಇಟ್ಟುಕೊಂಡಿದ್ದ. ಜೊತೆಗೆ ನುಡಿಸಲು ಅನುಕೂಲವಾಗಲಿ ಅಂತ ನನ್ನದನ್ನೂ ಅಷ್ಟೇ ಇಳಿಸಿದ.

ನಮ್ಮದೊಂದು ಆಟವಿತ್ತು. ಒಬ್ಬರು ಗೋಡೆ ಕಡೆ ತಿರುಗಿ ಕೂರುವುದು, ಇನ್ನೊಬ್ಬರು ಮೂರರಲ್ಲಿ ಯಾವುದಾದರೊಂದರ ತಂತಿ ಮೀಟುವುದು. ಅತ್ತೆ ಹೊಸಿಲ ಮೇಲೆ ಸೊಪ್ಪು ಬಿಡಿಸುತ್ತಾ ಕೂತು ತೀರ್ಪು ಕೊಡುತ್ತಿದ್ದರು. ಅವರ ತವರು ಬೈರಕೂರಿನ ಆಚೆ, ಆಂಧ್ರದ ಗಡಿಗೆ ತಾಗಿದ ಹಾಗೆ. ಅರ್ಧ ಮಾತು ತೆಲುಗು. ಪ್ರತಿ ಸಲವೂ ಅವರದು ಒಂದೇ ಪ್ರಶ್ನೆ.

"ಯಾವುದೇ ಅದು?"

ನಾನು ಸೋಲುತ್ತಿರಲಿಲ್ಲ. ಅವನು ಸೋಲುತ್ತಿದ್ದ. ನನ್ನ ಮಹಾಗನಿಯನ್ನು ಹಲಸು ಅಂದುಬಿಡುತ್ತಿದ್ದ. ಬೇಕೆಂದೇ ಹೇಳುತ್ತಿದ್ದನೋ ಏನೋ, ಈಗ ಕೇಳೋಣವೆಂದರೆ ಅವನಿಲ್ಲ.

ಕಳೆದ ವರ್ಷ ಮಾಲೂರಿನ ಒಂದು ಕಲ್ಯಾಣಮಂಟಪದಲ್ಲಿ, ಆರತಕ್ಷತೆಗೆ ಮುಂಚೆ ಮೈಕು ಸರಿಮಾಡಿಕೊಳ್ಳುತ್ತಿದ್ದಾಗ, ಅವನು ಎದೆ ಹಿಡಿದುಕೊಂಡು ವೇದಿಕೆಯ ಮೇಲೇ ಕುಸಿದ. ಆಸ್ಪತ್ರೆಯವರು ಕಾಗದಪತ್ರ ಮುಗಿಸುವುದು ತಡವಾಯಿತು. ತಂಡದ ಹುಡುಗರು ಸಾಮಾನನ್ನೆಲ್ಲ ಮೊದಲು ಕಳಿಸಿದರು. ಹೀಗಾಗಿ ಅವನಿಗಿಂತ ಮುಂಚೆ ಗಿಟಾರ್ ಮನೆಗೆ ಬಂತು. ನಮಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ, ಅದನ್ನು ತಂದಿಳಿಸಿದ ಡ್ರೈವರಿಗೂ ಏನೂ ಗೊತ್ತಿರಲಿಲ್ಲ. ಅತ್ತೆ ಅದನ್ನು ಇಸಿದುಕೊಂಡು ಗೋಡೆಗೆ ಒರಗಿಸಿ, "ಇದನ್ನ ಕಳ್ಸಿ ಇವನೆಲ್ಲಿ ಹೋದ್ನೇ, ಊಟದ ಹೊತ್ತಾಯ್ತು," ಅಂತ ಬೈದರು. ಆ ಬೈಗುಳ ನನ್ನ ಕಿವಿಯಿಂದ ಹೋಗಿಲ್ಲ.

ತಿಥಿ ಮುಗಿದು ಬಂಧುಗಳೆಲ್ಲ ಹೊರಟುಹೋದ ಮೇಲೆ ಒಂದು ಸಂಜೆ ಸುಮ್ಮನೆ ಕೂರಲಾಗದೆ ನನ್ನ ಚಿಕ್ಕ ಗಿಟಾರನ್ನು ತೆಗೆದೆ. ಯಾವುದೋ ಒಂದು ತಂತಿ ಮೀಟಿ ಬೆರಳಿಟ್ಟು ನಿಲ್ಲಿಸಿದೆ. ಸ್ವರ ನಿಲ್ಲಲಿಲ್ಲ. ಬೆನ್ನ ಹಿಂದೆ, ಗೋಡೆಯ ಹತ್ತಿರ, ಸಣ್ಣಗೆ ಮುಂದುವರಿಯಿತು. ತಿರುಗಿ ನೋಡಿದೆ. ದೊಡ್ಡದು ಗುಂಯ್‌ಗುಡುತ್ತಿತ್ತು.

ನಾನು ಹೆದರಿದೆ. ಹೆದರುವಂಥದ್ದೇನೂ ಇರಲಿಲ್ಲ. ಒಂದೇ ಶ್ರುತಿಯ ಎರಡು ತಂತಿಗಳಲ್ಲಿ ಒಂದು ಅಲ್ಲಾಡಿದರೆ ಇನ್ನೊಂದೂ ಅಲ್ಲಾಡುತ್ತದೆ ಅಂತ ಹೇಳಿಕೊಟ್ಟವನು ಅವನೇ. ಇಬ್ಬರೂ ಒಟ್ಟಿಗೆ ನುಡಿಸುವಾಗ ಅದು ಯಾವಾಗಲೂ ಅವನ ತೊಡೆಯ ಮೇಲಿರುತ್ತಿತ್ತು, ಅದಕ್ಕೇ ನಾನು ಗಮನಿಸಿರಲಿಲ್ಲ, ಅಷ್ಟೇ. ಕಾರಣ ಗೊತ್ತಿದ್ದೂ ಕಣ್ಣಲ್ಲಿ ನೀರು ಬಂತು. ಅವನು ಫೋನ್ ನೋಡುತ್ತಾ ಕೂತಿರುವಾಗ ನಾನು ಕಚೇರಿಯ ಪುರಾಣ ಹೇಳುತ್ತಿದ್ದರೆ ಅರ್ಧ ಕಿವಿಯಲ್ಲಿ "ಹೂಂ" ಅನ್ನುತ್ತಿದ್ದನಲ್ಲ, ಅದೇ ಹೂಂ.

ಆಮೇಲೆ ದಿನವೂ ಸಂಜೆ ಅದೇ ಕೆಲಸ. ನಾನು ಮೀಟುವುದು, ಅದು ಹೂಂ ಅನ್ನುವುದು. ಹಲಸಿನದು ಮಾತ್ರ ತೆಪ್ಪಗಿರುತ್ತಿತ್ತು, ಅದರ ದಪ್ಪ ಎದೆಗೆ ಯಾವುದೂ ನಾಟುವುದಿಲ್ಲ. ದೊಡ್ಡದರ ತಂತಿ ಬಿಗಿಯುವ ಬಿರಡೆಯನ್ನು ನಾನು ಮುಟ್ಟಲಿಲ್ಲ. ಆ ಶ್ರುತಿ ಅವನ ಕೈ ಇಟ್ಟು ಹೋದದ್ದು. ಹವೆ ಬದಲಾದಂತೆ ಅದು ಕೂದಲೆಳೆಯಷ್ಟು ಜಾರಿದರೆ ನನ್ನದನ್ನೇ ಅದಕ್ಕೆ ಜಾರಿಸಿಕೊಳ್ಳುತ್ತಿದ್ದೆ. ತಂತಿಗಳು ಕಪ್ಪಾಗಿದ್ದವು. ಅವನ ಬೆವರು ಕೂತಿದ್ದ ಜಾಗದಲ್ಲಿ ತುಕ್ಕು ಹಿಡಿದಿತ್ತು. ಇವು ಎಂದಾದರೂ ತುಂಡಾಗುತ್ತವೆ, ಆ ದಿನ ಅವನು ಎರಡನೇ ಸಲ ಹೋಗುತ್ತಾನೆ ಅಂತ ನನಗೆ ಗೊತ್ತಿತ್ತು. ಆ ಭಯ ನನ್ನ ಜೊತೆಗೇ ಊಟಕ್ಕೆ ಕೂರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹತ್ತಿರ ಕೂತವರಿಗಷ್ಟೇ ಕೇಳುವ ಸದ್ದು ಅದು. ಅತ್ತೆ ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಿದ್ದರು.

ವರ್ಷ ತುಂಬಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರ ಹಬ್ಬ. ಅತ್ತೆ ಅದನ್ನು ಪೆದ್ದಲ ಪಂಡುಗ ಅನ್ನುತ್ತಾರೆ. ಸತ್ತವರಿಗೆ ಅವರವರ ಇಷ್ಟದ ಅಡಿಗೆಯನ್ನೆಲ್ಲ ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಕದ ಹಾಕಿಕೊಂಡು ಮನೆಯವರೆಲ್ಲ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗಲಿಕ್ಕೆ ಅಷ್ಟು ಹೊತ್ತು ಮನೆಯನ್ನು ಬಿಟ್ಟುಕೊಡಬೇಕು. ಇಷ್ಟು ವರ್ಷ ಮಾವನಿಗೆ ಮಾತ್ರ ಎಡೆ ಇಡುತ್ತಿದ್ದೆವು. ಈ ಸಲ ಎರಡು ಎಲೆ. "ನನ್ ಹೊಟ್ಟೇಲಿ ಹುಟ್ದೋನು ನನಗೇ ಹಿರಿಯ ಆಗ್ಬಿಟ್ನಲ್ಲೇ," ಅಂತ ಅತ್ತೆ ಹಿಂದಿನ ದಿನವೆಲ್ಲ ಅತ್ತಿದ್ದರು. ನಾನೂ ಅತ್ತಿದ್ದೆ.

ಹಬ್ಬದ ದಿನ ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆಗೆ ಬಂದೆ. ನಡುಮನೆಯಲ್ಲಿ ಎರಡು ಎಲೆ ಹಾಸಿತ್ತು. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ. ಹೊಸ ಪಂಚೆ, ಹೊಸ ಶರಟು. ಅವನ ಎಲೆಯ ಪಕ್ಕದಲ್ಲಿ ದೊಡ್ಡ ಗಿಟಾರನ್ನು ಗೋಡೆಗೆ ಒರಗಿಸಿದ್ದರು. ಅದರ ಆರು ತಂತಿಗಳೂ ಫಳಫಳ ಹೊಳೆಯುತ್ತಿದ್ದವು.

"ಅತ್ತೆ, ಇದಕ್ಕೇನ್ ಮಾಡಿದ್ರಿ?"

"ಆಟೋದಾಗೆ ಅಂಗಡೀಗೆ ತಗೊಂಡೋಗಿ ಹೊಸಾ ತಂತಿ ಹಾಕಿಸ್ಕೊಂಡು ಬಂದೆ. ಬಾಗುಂದಾ?" ಚೆನ್ನಾಗಿದೆಯಾ ಅಂತ ಕೇಳುತ್ತಿದ್ದರು. ಮುಖದಲ್ಲಿ ಒಂದು ವರ್ಷದಿಂದ ಕಾಣದಿದ್ದ ಬೆಳಕಿತ್ತು.

"ಹಳೇದೆಲ್ಲಿ?"

"ಆ ತುಕ್ಕು ಯಾಕೆ? ಅಂಗಡಿಯವನೇ ಕತ್ತರಿಸಿ ಬಿಸಾಕ್ದ. ಎಡೇಗೆ ಹಳೇದು ಇಡ್ತಾರೇನೇ? ಹಳೇ ಬಟ್ಟೆ ಇಡ್ತೀವಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಅದು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಶ್ರುತಿ ಅದು, ಅವನ ಬೆವರು ಅದು, ದಿನಾ ನನ್ನ ಜೊತೆ ಮಾತಾಡ್ತಿತ್ತು, ನೀವೇ ಅವನ ಬಾಯಿ ಮುಚ್ಚಿಸಿಬಿಟ್ರಿ ಅಂತ ಕೂಗಿದೆ. ಚಿಕ್ಕದನ್ನು ತಂದು ಒಂದೊಂದೇ ತಂತಿ ಮೀಟಿ ತೋರಿಸಿದೆ. ಅಂಗಡಿಯವನು ಎಲ್ಲರ ಗಿಟಾರಿನ ಹಾಗೆ ಅದನ್ನು ಅರ್ಧ ಸ್ವರ ಏರಿಸಿ ಬಿಗಿದಿದ್ದ. ದೊಡ್ಡದು ಜಪ್ಪಯ್ಯ ಅನ್ನಲಿಲ್ಲ. ಅಂಗಡಿಯ ಸಾಮಾನಿನ ಹಾಗೆ ಹೊಳೆಯುತ್ತಾ ನಿಂತಿತ್ತು.

ಅತ್ತೆ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿದರು. ಅಳಲಿಲ್ಲ.

"ಒಂದು ವರ್ಸ ಅವನು ಮಾತಾಡ್ತಿದ್ನಾ?" ಅಂದರು. "ನೀನೊಬ್ಳೇ ಕೇಳ್ಕೊಂಡಿದ್ಯಾ? ನನ್ನೂ ಒಂದ್ಸಲ ಕರೀಬಾರ್ದಾಗಿತ್ತೇನೇ?"

ಬಡಿಸಿದ್ದು ಆರುತ್ತಿತ್ತು. ಇಬ್ಬರೂ ದೀಪ ಹಚ್ಚಿ, ಕೈಮುಗಿದು, ಕದ ಎಳೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಮನೆಯ ಕಡೆ ಬೆನ್ನು ಮಾಡಿ ಕೂರಬೇಕು, ಒಳಗೆ ಇಣುಕಬಾರದು. ಸಂಜೆಯಾಗುತ್ತಿತ್ತು. ಗಲ್ಲಿಯ ಉದ್ದಕ್ಕೂ ಬಾಗಿಲುಗಳು ಹಾಕಿದ್ದವು, ಜನರೆಲ್ಲ ನಮ್ಮ ಹಾಗೆಯೇ ಮೆಟ್ಟಿಲ ಮೇಲೆ ಕೂತು ಬೀದಿ ನೋಡುತ್ತಿದ್ದರು. ಅಷ್ಟು ಮನೆಗಳಲ್ಲಿ ಆ ಹೊತ್ತಿಗೆ ಸತ್ತವರು ಊಟಕ್ಕೆ ಕೂತಿದ್ದಾರೆ ಅನ್ನುವ ಯೋಚನೆ ಬಂದು ನನ್ನ ಬೆನ್ನೆಲ್ಲ ಕಿವಿಯಾಯಿತು. ಆಟದಲ್ಲಿ ಗೋಡೆ ಕಡೆ ತಿರುಗಿ ಕೂತಾಗಲೂ ಹೀಗೇ ಆಗುತ್ತಿತ್ತು.

ಆಗ ಒಳಗೆ ತಂತಿ ನುಡಿಯಿತು.

ಒಂದೇ ಸಲ. ಠಣ್ ಅಂತ ಹೊರಟು, ಗುಂಯ್ ಅಂತ ಇಳಿದು, ಬಹಳ ಹೊತ್ತು ಉಳಿಯಿತು. ಅತ್ತೆಯ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಇಬ್ಬರೂ ತಿರುಗಲಿಲ್ಲ.

"ಯಾವುದೇ ಅದು?" ಅಂದರು ಅತ್ತೆ, ಉಸಿರಿನಲ್ಲಿ.

"ದೊಡ್ಡದು," ಅಂದೆ. "ದಪ್ಪ ತಂತಿ."

ಹೊಸ ತಂತಿಯನ್ನು ಬಿರಡೆಗೆ ಸಾಕಷ್ಟು ಸುತ್ತು ಸುತ್ತದಿದ್ದರೆ ಅದು ಜಾರುತ್ತದೆ, ಜಾರುವಾಗ ಸದ್ದು ಮಾಡುತ್ತದೆ. ಅಂಗಡಿಯವನು ಹಬ್ಬದ ಗಡಿಬಿಡಿಯಲ್ಲಿ ಸುತ್ತಿದ್ದಾನೆ. ಇಷ್ಟೂ ನನಗೆ ಅಲ್ಲಿ ಕೂತೇ ಗೊತ್ತಿತ್ತು. ಗೊತ್ತಿದ್ದೂ ಅತ್ತೆಯ ಕೈಯನ್ನು ನಾನೂ ಗಟ್ಟಿಯಾಗಿ ಹಿಡಿದುಕೊಂಡೆ.

ಒಳಗೆ ಹೋಗುವ ಮುಂಚೆ ಕೆಮ್ಮಿ, ಕದ ತಟ್ಟಬೇಕು. ಉಣ್ಣುತ್ತಿರುವವರು ಬೆಚ್ಚಬಾರದು. ಅತ್ತೆ ಎರಡು ಸಲ ತಟ್ಟಿದರು. ದೀಪ ಉರಿಯುತ್ತಿತ್ತು, ಎಲೆಗಳು ಇಟ್ಟ ಹಾಗೇ ಇದ್ದವು. ನಾನು ನೇರವಾಗಿ ಹೋಗಿ ಚಿಕ್ಕದನ್ನು ತೆಗೆದುಕೊಂಡು ಅದರ ದಪ್ಪ ತಂತಿ ಮೀಟಿ, ಬೆರಳಿಟ್ಟು ನಿಲ್ಲಿಸಿದೆ.

ದೊಡ್ಡದು ಹೂಂ ಅಂದಿತು.

ಅದೊಂದೇ ತಂತಿ ಅರ್ಧ ಸ್ವರ ಜಾರಿ ಅವನ ಶ್ರುತಿಗೆ ಬಂದು ನಿಂತಿತ್ತು. ಉಳಿದ ಐದೂ ಅಂಗಡಿಯವನದೇ. ಅತ್ತೆ ನೆಲಕ್ಕೆ ಕೂತು ಬೀಟೆಯ ಬೆನ್ನಿಗೆ ಕಿವಿ ಹಚ್ಚಿದರು. "ಇನ್ನೊಂದ್ಸಲ," ಅಂದರು. ಮೀಟಿದೆ. "ಇನ್ನೊಂದ್ಸಲ." ಎಷ್ಟು ಸಲವೋ ಗೊತ್ತಿಲ್ಲ. ಕೊನೆಗೆ ಅವರು ಗಿಟಾರನ್ನು ತಬ್ಬಿಕೊಂಡೇ, "ಊಟ ಮಾಡ್ದೇನೋ ನಾಯ್ನಾ?" ಅಂದರು. ಅವನು ಮಗುವಾಗಿದ್ದಾಗ ಕರೆಯುತ್ತಿದ್ದದ್ದು ಹಾಗೆ. ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ.

ಮರುದಿನ ಸಂಜೆ ಅತ್ತೆ ಅಡುಗೆಮನೆಯ ಕೆಲಸ ಬೇಗ ಮುಗಿಸಿ ಬಂದು ಹೊಸಿಲ ಮೇಲೆ ಕೂತರು. ನಾನು ಮೀಟಿದೆ. ಏನೂ ಬರಲಿಲ್ಲ. ಹೊಸ ತಂತಿ, ಎಳೆದುಕೊಳ್ಳುತ್ತಲೇ ಇರುತ್ತದೆ. ರಾತ್ರಿಯಲ್ಲಿ ಇನ್ನೂ ಜಾರಿ ಅವನನ್ನು ದಾಟಿ ಕೆಳಗೆ ಹೋಗಿತ್ತು.

"ಇವತ್ತು ಬರ್ಲಿಲ್ವಾ?" ಅಂದರು.

"ತಡೀರಿ," ಅಂದೆ. ದೂಳು ಒರೆಸುವ ನೆಪದಲ್ಲಿ ದೊಡ್ಡದನ್ನು ಎತ್ತಿಕೊಂಡು ಒಳಕೋಣೆಗೆ ಹೋದೆ. ವರ್ಷವಿಡೀ ಮುಟ್ಟದೆ ಇಟ್ಟಿದ್ದ ಬಿರಡೆಯನ್ನು ಹಿಡಿದು, ಅವನ ಗಂಟಲನ್ನು ನೆನಪು ಮಾಡಿಕೊಂಡು, ಮೆಲ್ಲಗೆ ತಿರುಗಿಸಿದೆ. ತಂದು ಗೋಡೆಗೆ ಒರಗಿಸಿ, ಬೆನ್ನು ಮಾಡಿ ಕೂತು, ನನ್ನದನ್ನು ಮೀಟಿದೆ. ಹೂಂ ಅಂದಿತು.

"ಹಾ, ಬಂದ," ಅಂದರು ಅತ್ತೆ, ಮತ್ತೆ ಸೊಪ್ಪು ಬಿಡಿಸತೊಡಗಿದರು.

ಈಗ ಅವನು ತಾನಾಗಿ ಬರುವುದಿಲ್ಲ. ದಿನವೂ ಅತ್ತೆ ಹೊಸಿಲಿಗೆ ಬರುವ ಮುಂಚೆ ನಾನೇ ಒಳಕೋಣೆಗೆ ಹೋಗಿ ಅವನನ್ನು ಕರೆದುಕೊಂಡು ಬರಬೇಕು. ಕೆಲವು ದಿನ ಬಿರಡೆ ತಿರುಗಿಸುತ್ತಾ ನಿಂತಾಗ ಅವನ ಗಂಟಲು ಸರಿಯಾಗಿ ಎಲ್ಲಿತ್ತು ಅಂತ ಥಟ್ಟನೆ ನೆನಪಾಗುವುದಿಲ್ಲ. ಹೊರಗಿನಿಂದ ಅತ್ತೆ, "ಬಂದ್ನಾ?" ಅನ್ನುತ್ತಾರೆ. "ಬರ್ತಿದಾನೆ," ಅನ್ನುತ್ತೇನೆ.