ಕಾಕುವಿನ ಸಾಲು

ನಮ್ಮ ಆಲ್ಬಮ್ಮಿನಲ್ಲಿ ಏಳು ಹಾಡುಗಳಿವೆ, ಏಳು ದನಿಗಳಿವೆ. ಒಂದೂ ನನ್ನದಲ್ಲ. ನನಗೆ ಹಾಡಲು ಬರುವುದಿಲ್ಲ, ನನ್ನ ಜೊತೆಗಾರನಿಗೂ ಬರುವುದಿಲ್ಲ. ಬ್ಯಾಂಡ್ ಎಂದು ಹೇಳಿಕೊಳ್ಳುವುದೇನೋ ಜೋರು. ಇರುವುದು ಇಬ್ಬರೇ, ಅದರಲ್ಲಿ ಒಬ್ಬ ಪುಣೆಯಲ್ಲಿ. ಅವನು ಅಲ್ಲಿಂದ ತಾಳ ಕಳಿಸುತ್ತಾನೆ, ನಾನು ಸೋಲಾಪುರದಲ್ಲಿ ಕೂತು ಅದರ ಮೇಲೆ ಸ್ವರ ಹಾಸುತ್ತೇನೆ. ಹಾಡುವವರನ್ನು ಮಾತ್ರ ಹೊರಗಿನಿಂದ ಕರೆಯಬೇಕು.

ನಾವು ಮಾಡುವ ಸಂಗೀತಕ್ಕೆ ಡೌನ್‌ಟೆಂಪೋ ಅನ್ನುತ್ತಾರೆ. ಯಾರೂ ಕುಣಿಯಲಾಗದಷ್ಟು ನಿಧಾನ, ಯಾರೂ ಜೊತೆಗೆ ಗುನುಗಲಾಗದಷ್ಟು ಖಾಲಿ. ನಮ್ಮಪ್ಪ ಒಮ್ಮೆ ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತು ಕೇಳಿದ. ಕೊನೆಗೆ, "ಸೆಲ್ ಇಳದ ಟೇಪ್ ರಿಕಾರ್ಡರ್ ಹಿಂಗ ಒದರ್ತಿತ್ತಲ್ಲೋ" ಅಂದು ಕೆಳಗೆ ಇಳಿದುಹೋದ. ನನಗೆ ಸಿಟ್ಟು ಬಂತು, ಆದರೆ ಅಪ್ಪ ಹೇಳಿದ್ದು ತಪ್ಪೇನೂ ಆಗಿರಲಿಲ್ಲ.

ವಿಜಾಪುರ ರಸ್ತೆಯ ನಮ್ಮ ಮನೆಯ ಮಹಡಿಯಲ್ಲಿ ನನ್ನ ಕೋಣೆ. ದನಿ ಮಾರ್ದನಿಸಬಾರದೆಂದು ನಾಲ್ಕೂ ಗೋಡೆಗೆ ಚಾದರ ಹೊದಿಸಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ರಸ್ತೆಯ ಗದ್ದಲ ತುಸು ಇಳಿಯುತ್ತದೆ, ಆಗಲೇ ರೆಕಾರ್ಡಿಂಗ್. ಹಾಡುವವರು ಬರುತ್ತಿದ್ದರು. ಮರಾಠಿ ಶಾಲೆಯ ಟೀಚರೊಬ್ಬರು ಸ್ಟೂಲಿನ ಮೇಲೆ ನೆಟ್ಟಗೆ ಕೂತು ಪಾಠ ಒಪ್ಪಿಸಿದಂತೆ ಹಾಡಿದರು. ಮಂಗಳವೇಢೆಯ ಟೆಂಪೋ ಡ್ರೈವರನಂತೂ ಕೋಣೆಯಲ್ಲಿ ಬಾಯೇ ಬಿಡಲಿಲ್ಲ. ಕೆಳಗೆ ತನ್ನ ಗಾಡಿಯಲ್ಲಿ ಕೂತು, ಗಾಜು ಏರಿಸಿ, ಸ್ಟೇರಿಂಗ್ ಹಿಡಿದ ಮೇಲೆಯೇ ಅವನಿಗೆ ದನಿ ಬಂದದ್ದು. ನಾನು ಪಕ್ಕದ ಸೀಟಿನಲ್ಲಿ ಬೆವರು ಸುರಿಸುತ್ತಾ ಮೈಕ್ ಹಿಡಿದಿದ್ದೆ.

ಹಾಡಿ, ಚಹಾ ಕುಡಿದು, ಎಲ್ಲರೂ ಹೊರಟುಹೋಗುತ್ತಿದ್ದರು. ಆಮೇಲೆ ವಾರಗಟ್ಟಲೆ ಆ ದನಿಯ ಜೊತೆ ನಾನೊಬ್ಬನೇ. ಟೀಚರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಡ್ರೈವರನ ಗಂಟಲು ಯಾವ ಅಕ್ಷರಕ್ಕೆ ಒಡೆಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಅವರಿಗೆ ನನ್ನ ಮುಖ ನೆನಪಿರುತ್ತದೋ ಇಲ್ಲವೋ. ಹೆಡ್‌ಫೋನ್ ತೆಗೆದಿಟ್ಟರೆ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಹಾಗೆ ಬದುಕುವುದನ್ನು ನಾನೇ ಆರಿಸಿಕೊಂಡಿದ್ದೆ, ಹೀಗಾಗಿ ಯಾರ ಮುಂದೆಯೂ ಗೊಣಗುವಂತಿರಲಿಲ್ಲ.

ಆರು ಹಾಡು ಮುಗಿದವು. ಆರೂ ಮರಾಠಿ, ಹಿಂದಿ. ಒಂದಾದರೂ ಮನೆಯ ಭಾಷೆಯಲ್ಲಿ ಇರಲಿ ಅನ್ನಿಸಿತು. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡದ ಅಕ್ಷರಗಳನ್ನು ದೊಡ್ಡವನಾದ ಮೇಲೆ, ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತದ್ದು. ಆದರೆ ಕಿವಿಗೆ ಬಿದ್ದ ಮೊದಲ ಹಾಡು ಕನ್ನಡದ್ದೇ. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ, ಯಾವ ಮದುವೆಯಾದರೂ ಅರಿಶಿಣದ ದಿನ ಅವ್ವ ಮತ್ತು ಕಾಕು ಹಾಡುತ್ತಿದ್ದರು. ಕಾಕು ಅಂದರೆ ಅಪ್ಪನ ತಮ್ಮನ ಹೆಂಡತಿ. ಇಬ್ಬರೂ ಒಂದೇ ಒಲೆಯ ಮುಂದೆ ಹನ್ನೆರಡು ವರ್ಷ ರೊಟ್ಟಿ ಬಡಿದವರು. ಅವ್ವನ ಸಾಲು ಕೇಳುತ್ತದೆ: ಅರಿಶಿಣ ತಂದವರು ಯಾರು, ಬೀಸಿದವರು ಯಾರು. ಕಾಕುವಿನ ಸಾಲು ಉತ್ತರ ಹೇಳುತ್ತದೆ. ಮುಂದೆ ನಾವು ಸೋಲಾಪುರಕ್ಕೆ ಬಂದೆವು, ಕಾಕಾ ದುಧನಿಯ ಬಜಾರಿನಲ್ಲಿ ಅಂಗಡಿ ಹಾಕಿದರು. ಜಗಳವಾಡಿ ಬೇರೆಯಾದವರಲ್ಲ. ಮದುವೆ ಬಂದರೆ ಮತ್ತೆ ಇಬ್ಬರೂ ಕೂಡುತ್ತಿದ್ದರು, ಹಾಡುತ್ತಿದ್ದರು.

"ಆ ಹಾಡು ಹೇಳವ್ವಾ" ಎಂದು ಅವ್ವನನ್ನು ಮೇಲೆ ಕರೆದುಕೊಂಡು ಬಂದೆ. ಸ್ಟೂಲು ಬೇಡವೆಂದು ನೆಲದ ಮೇಲೆ ಕೂತಳು. ಹೆಡ್‌ಫೋನ್ ಹಾಕಿದರೆ ಸೆರಗು ಜಾರುತ್ತದೆಂದು ಒಂದೇ ಕಿವಿಗೆ ಒತ್ತಿ ಹಿಡಿದಳು. ಒಂದು ಸಾಲು ಹಾಡಿದಳು, ಸುಮ್ಮನಾದಳು. ನಾನು ಕಾದೆ. ಒಂದು ಸಾಲು ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಸುಮ್ಮನಿದ್ದು, ತನ್ನ ಮುಂದಿನ ಸಾಲು ಎತ್ತಿಕೊಂಡಳು. ಹಾಡು ಮುಗಿಯುವ ತನಕ ಹಾಗೆಯೇ.

"ನಡುವಿನ ಸಾಲನೂ ನೀನ ಹೇಳಬೇಕಿತ್ತಲ್ಲ?" ಎಂದೆ.

"ಅವು ನನಗ ಬರೂದಿಲ್ಲ" ಅಂದಳು. ಹೆಡ್‌ಫೋನ್ ಕೆಳಗಿಟ್ಟು, "ಕುಕ್ಕರ್ ಇಟ್ಟ ಬಂದೀನಿ" ಎಂದು ಇಳಿದುಹೋದಳು.

ರೆಕಾರ್ಡಿಂಗನ್ನು ಪುಣೆಗೆ ಕಳಿಸಿದೆ. ಗೆಳೆಯನ ಉತ್ತರ ಸಂಜೆಯೇ ಬಂತು: "ಆಯಿ ವಿಸರಲ್ಯಾ ಕಾ?" ಅವ್ವ ಮರೆತರೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದ. ಖಾಲಿ ಜಾಗ ಕತ್ತರಿಸಿ ಹಾಕೋಣ, ಇಲ್ಲವೇ ಅಲ್ಲಿ ಬೇರೆ ಯಾರಿಂದಲಾದರೂ ಹಾಡಿಸೋಣ ಎಂದ. ಅವ್ವ ಮರೆತಿಲ್ಲವೆಂದು ನನಗೆ ಗೊತ್ತಿತ್ತು. ಆ ಜಾಗ ಕಾಕುವಿನದು, ಅದು ನಿಜವಾಗಿ ಯಾಕೆ ಖಾಲಿಯಿದೆ ಎಂಬುದು ನನ್ನೊಬ್ಬನಿಗೇ ಗೊತ್ತಿತ್ತು.

ಮೂರು ವರ್ಷದ ಹಿಂದೆ ನನ್ನ ತಂಗಿಯ ಮದುವೆ. ನಮ್ಮಲ್ಲಿ ಹತ್ತಿರದವರನ್ನು ಕರೆಯಲು ಮನೆಗೇ ಹೋಗಬೇಕು. ಕಾರ್ಡಿಗೆ ಅರಿಶಿಣ ಕುಂಕುಮ ಹಚ್ಚಿ, ಮನೆಯ ಹೆಣ್ಣುಮಗಳಿಗೆ ಒಂದು ಕುಪ್ಪಸದ ಖಣ ಇಟ್ಟು, "ಬರಬೇಕ್ರಿ" ಅನ್ನಬೇಕು. ಹಾಗೆ ಕರೆಯದಿದ್ದರೆ ಕರೆದಂತೆಯೇ ಅಲ್ಲ. ದುಧನಿಗೆ ಹೋಗುವ ಕೆಲಸವನ್ನು ಅವ್ವ ನನಗೆ ವಹಿಸಿದಳು. ಖಣವನ್ನು ತಾನೇ ಆರಿಸಿ ತಂದಿದ್ದಳು, ನವಿಲುಗರಿ ಬಣ್ಣದ್ದು, ಕೆಂಪು ಅಂಚು. "ಆಕಿಗಿ ಈ ಬಣ್ಣ ಒಪ್ತದ" ಅಂದಿದ್ದಳು.

ನಾನು ಹೋಗಲಿಲ್ಲ. ಆ ದಿನ ಗೆಳೆಯ ಪುಣೆಯಿಂದ ಬಂದಿದ್ದ. ನಮ್ಮ ಮೊದಲ ಹಾಡು ಕೈಗೆ ಹತ್ತಿತ್ತು. ಒಂದು ದಿನ ಹಾಳಾಗುತ್ತದಲ್ಲ ಅನ್ನಿಸಿತು. ಕಾರ್ಡಿನ ಫೋಟೋ ತೆಗೆದು ಕಾಕುವಿನ ಮೊಬೈಲಿಗೆ ಕಳಿಸಿದೆ. ಕೆಳಗೆ ಕೈ ಮುಗಿದ ಚಿತ್ರ ಬೇರೆ! ಖಣವನ್ನು ಕೀಬೋರ್ಡಿನ ಚೀಲದಲ್ಲಿ ತುರುಕಿದೆ. ರಾತ್ರಿ ಅವ್ವ "ಏನಂದ್ಲು?" ಎಂದು ಕೇಳಿದಾಗ, "ಎರಡ ದಿನ ಮೊದಲ ಬರ್ತೀನಿ ಅಂದಾಳ" ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಆಶ್ಚರ್ಯವಾಗಿತ್ತು.

ಕಾಕು ಬರಲಿಲ್ಲ. ಕಾಕಾ ಒಬ್ಬರೇ ಅಕ್ಷತೆಯ ಹೊತ್ತಿಗೆ ಬಂದು, ಆಕೆಗೆ ಮೊಣಕಾಲು ನೋವೆಂದು ಹೇಳಿ, ಉಂಡು ಹೋದರು. ಅದಕ್ಕೂ ಹಿಂದಿನ ದಿನ ಅರಿಶಿಣ. ಅವ್ವ ಮೊದಲ ಸಾಲು ಹಾಡಿ ಬಾಗಿಲ ಕಡೆ ನೋಡಿದಳು. ನೆರೆದ ಹೆಂಗಸರಿಗೆ ಆ ಹಾಡು ಗೊತ್ತಿರಲಿಲ್ಲ. ಅವ್ವ ಎರಡನೇ ಸಲ ಅದೇ ಸಾಲು ಹಾಡಿ, ಮತ್ತೆ ಬಾಗಿಲ ಕಡೆ ನೋಡಿದಳು. ಯಾರೋ "ಸ್ಪೀಕರ್ ಹಚ್ರೋ" ಅಂದರು. ಮನೆಯಲ್ಲಿ ಸಂಗೀತದವನು ನಾನೇ ಅಲ್ಲವೇ, ಸಿನಿಮಾ ಹಾಡು ಹಚ್ಚಿದೆ. ಅವ್ವ ಅರಿಶಿಣದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಇಬ್ಬರೂ ಮಾತಾಡಿಲ್ಲ. ಕರೆದರೂ ಬರಲಿಲ್ಲ ಎಂದು ಇವಳಿಗೆ ನೋವು, ಮನೆಗೆ ಬಂದು ಕರೆಯಲಿಲ್ಲ ಎಂದು ಆಕೆಗೆ. ಅಪ್ಪ, ಕಾಕಾ ಹೊಲದ ಮಾತು ಆಡಿಕೊಳ್ಳುತ್ತಾ ಆರಾಮ ಇದ್ದರು. ನಾನು ಮಹಡಿಯ ಮೇಲೆ ನಿಧಾನದ ಸಂಗೀತ ಮಾಡುತ್ತಾ ಇದ್ದೆ. ಒಂದು ಫೋನ್ ಮಾಡಿ ನಿಜ ಹೇಳಲು ಐದು ನಿಮಿಷ ಸಾಕಿತ್ತು. ಐದು ನಿಮಿಷದ ಧೈರ್ಯ ನನ್ನಲ್ಲಿರಲಿಲ್ಲ.

ಗೆಳೆಯನ ಮೆಸೇಜ್ ಬಂದ ಮೂರನೇ ದಿನ, ಅವ್ವನಿಗೆ ಹೇಳದೆ ದುಧನಿಯ ರೈಲು ಹತ್ತಿದೆ. ಚೀಲದಲ್ಲಿ ರೆಕಾರ್ಡರ್, ಹೆಡ್‌ಫೋನ್, ಮತ್ತು ಆ ಖಣ. ನಿಜ ಹೇಳಬೇಕೆಂದು ಹೊರಟೆನೋ, ಕಾಕುವಿನ ಸಾಲು ತುಂಬಿಸಿಕೊಂಡು ಬಂದರೆ ಎಲ್ಲ ತಾನಾಗಿ ಸರಿಹೋಗುತ್ತದೆಂದು ಹೊರಟೆನೋ, ಇವತ್ತಿಗೂ ಖಾತ್ರಿಯಿಲ್ಲ. ಎರಡನೆಯದೇ ಇರಬೇಕು.

ಕಾಕು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

"ಯಾರು ಕಳಿಸ್ಯಾರ?"

"ಯಾರೂ ಇಲ್ಲ ಕಾಕು. ನಾನ ಬಂದೀನಿ."

"ಬಾ ಒಳಗ. ಊಟಾ ಮಾಡು ಮೊದ್ಲ."

ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಕೈ ತೊಳೆದು ಬಂದು, ಅವ್ವನ ಹಾಡು ಹಚ್ಚಿ ಹೆಡ್‌ಫೋನ್ ಕೊಟ್ಟೆ. ಕಾಕುವೂ ಒಂದೇ ಕಿವಿಗೆ ಒತ್ತಿ ಹಿಡಿದಳು. ಅವ್ವನ ಸಾಲು ಮುಗಿದು ಖಾಲಿ ಜಾಗ ಬಂದಾಗ ಈಗ ಹಾಡುತ್ತಾಳೆ, ಈಗ ಹಾಡುತ್ತಾಳೆ ಎಂದು ರೆಕಾರ್ಡರಿನ ಮೇಲೆ ಬೆರಳಿಟ್ಟು ಕೂತಿದ್ದೆ. ಹಾಡಲಿಲ್ಲ. "ಮತ್ತೊಮ್ಮೆ ಹಚ್ಚು" ಅಂದಳು. ಹಚ್ಚಿದೆ. ಮುಗಿದ ಮೇಲೆ ಹೆಡ್‌ಫೋನ್ ಕೆಳಗಿಟ್ಟಳು.

"ನಡುವ ಯಾಕ ಬಿಟ್ಟಾಳಂತ?"

"ಆ ಸಾಲು ಬರೂದಿಲ್ಲ ಅಂದ್ಲು."

ಕಾಕು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಬರೂದಿಲ್ಲಂತ? ನಾ ಮದಿವ್ಯಾಗಿ ಬಂದಾಗ ನನಗೊಂದ ಹಾಡ ಬರ್ತಿರಲಿಲ್ಲೋ ತಮ್ಮಾ. ರೊಟ್ಟಿ ಬಡೀಕೋತ ಎರಡೂ ಸಾಲ ಹೇಳಿಕೊಟ್ಟಾಕಿ ಅಕ್ಕನ, ನಿಮ್ಮವ್ವ. ಇದು ನಿಂದು, ಇದು ನಂದು ಅಂತ ಹಂಚಿದಾಕೀನೂ ಆಕೀನ. ನನ್ನ ಸಾಲ ಆಕಿಗಿ ಬರೂದಿಲ್ಲಂತ!" ಸೆರಗಿನಿಂದ ಮೂಗು ಒರೆಸಿಕೊಂಡಳು. "ಜಾಗಾ ಹಿಡದಾಳ ನನಗ. ಮೂರ ವರ್ಷ ಆದ್ರೂ ಹಿಡದಾಳ."

ಆಮೇಲೆ ನನಗೆ ಬಾಯಿ ಮುಚ್ಚಿಕೊಂಡು ಇರಲಾಗಲಿಲ್ಲ. ಚೀಲದಿಂದ ಖಣ ತೆಗೆದು ಮುಂದಿಟ್ಟು, ಎಲ್ಲ ಹೇಳಿದೆ. ಫೋಟೋ ಕಳಿಸಿದ್ದು, ಬರ್ತೀನಿ ಅಂದಾಳ ಎಂದು ಸುಳ್ಳು ಹೇಳಿದ್ದು, ಸ್ಪೀಕರ್ ಹಚ್ಚಿದ್ದು. ಬೈದಿದ್ದರೆ ಹಗುರಾಗುತ್ತಿತ್ತು. ಕಾಕು ಖಣದ ಮಡಿಕೆಯನ್ನು ಬೆರಳಿಂದ ಮುಟ್ಟಿ ನೋಡಿ, ಕೈ ಹಿಂದೆ ತೆಗೆದುಕೊಂಡಳು.

"ಅಕ್ಕಗ ಗೊತ್ತದ?"

"ಇಲ್ಲ."

"ಮೊದ್ಲ ಆಕಿಗಿ ಹೇಳು. ಇದನ್ನ ನಾ ನಿನ್ನ ಕೈಲೆ ತಗೊಳ್ಳಂಗಿಲ್ಲ. ಹಾಡೂ ಆಕಿ ಬಂದ ಮ್ಯಾಲೇ."

ಮನೆಗೆ ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಖಣ ಇಟ್ಟು, ಅವ್ವನಿಗೂ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವೆಂದು ಅಂದುಕೊಂಡಿದ್ದೆ. ಅವ್ವ ಒಲೆಯ ಉರಿ ಆರಿಸಿದಳು.

"ಮೂರ ವರ್ಷ ದಿನಾ ಮನಸಿನ್ಯಾಗ ಬೈದೀನಿ ಆಕಿಗಿ" ಅಂದಳು. "ಆ ಬೈಗಳಾ ಈಗ ಹ್ಯಾಂಗ ಹಿಂದ ತಗೊಳ್ಳಿ?"

ಅಷ್ಟೇ. ಆಮೇಲೆ ನನ್ನ ಜೊತೆ ಮಾತು ನಿಂತಿತು. ತಟ್ಟೆಗೆ ಬಡಿಸುತ್ತಿದ್ದಳು, ಬಟ್ಟೆ ಒಗೆದು ಮಡಿಚಿ ಮೆಟ್ಟಿಲ ಮೇಲೆ ಇಡುತ್ತಿದ್ದಳು, ಕಣ್ಣೆತ್ತಿ ನೋಡುತ್ತಿರಲಿಲ್ಲ. ನಾನು ಮಹಡಿಗೆ ಹೋಗಿ ಅವಳದೇ ದನಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಕೂರುತ್ತಿದ್ದೆ. ಕೆಳಗೆ ಸಿಗದದ್ದು ಮೇಲೆ ಸಿಗುತ್ತಿತ್ತು. ಅಷ್ಟು ಒಂಟಿಯಾಗಿ ನಾನು ಎಂದೂ ಇದ್ದಿಲ್ಲ.

ಗೆಳೆಯ ಅವಸರ ಮಾಡಿದ. ಕೊನೆಗೆ ಖಾಲಿ ಜಾಗ ಹಾಗೆಯೇ ಇರಲಿ ಎಂದು ಹಟ ಹಿಡಿದೆ. ಅಲ್ಲಿ ತಾಳವೂ ಬೇಡ, ಸ್ವರವೂ ಬೇಡ. ಅವನು ಬೇಸರದಿಂದ ಒಪ್ಪಿದ. ಆಲ್ಬಮ್ ಹೊರಗೆ ಬಂತು. ಗುರುತಿಲ್ಲದ ಊರಿನ ಗುರುತಿಲ್ಲದ ಮಂದಿ ಏಳನೇ ಹಾಡಿನ ಮೌನವನ್ನು ಹೊಗಳಿ ಬರೆದರು. ಎಷ್ಟು ಧೈರ್ಯದ ಪ್ರಯೋಗ ಎಂದು ಒಬ್ಬರು ಬರೆದಿದ್ದರು. ಧೈರ್ಯವಂತೆ! ಓದಿ ಫೋನ್ ಬೋರಲು ಹಾಕಿದೆ.

ಶ್ರಾವಣದ ಒಂದು ಶುಕ್ರವಾರ ಬೆಳಗ್ಗೆ ಅವ್ವ ಹೊಸ ಸೀರೆ ಉಟ್ಟು, ಖಣವನ್ನು ಚೀಲದಲ್ಲಿಟ್ಟುಕೊಂಡು ಹೊರಟು ನಿಂತಳು. ನಾನು ಓಡಿಹೋಗಿ ರೆಕಾರ್ಡರ್ ತಂದು ಚಪ್ಪಲಿ ಮೆಟ್ಟಿಕೊಂಡೆ. ಅವ್ವ ನನ್ನ ಕೈಯಲ್ಲಿದ್ದುದನ್ನು ನೋಡಿ, "ನೀ ಬ್ಯಾಡ" ಅಂದಳು. ವಾರಗಳ ಮೇಲೆ ಆಡಿದ ಮೊದಲ ಮಾತು ಅದು. ಆಟೋ ಹಿಡಿದು ಸ್ಟೇಷನ್ನಿಗೆ ಒಬ್ಬಳೇ ಹೋದಳು.

ಸಂಜೆ ರೈಲಿಗೆ ಕರೆತರಲು ಸ್ಕೂಟರ್ ತೆಗೆದುಕೊಂಡು ಹೋದೆ. ಅವ್ವ ಇಳಿದು ಬಂದಳು. ಹಣೆ ತುಂಬ ಕುಂಕುಮ, ಉಡಿಯಲ್ಲಿ ಅಕ್ಕಿ, ಕೈಯಲ್ಲಿ ಕಾಕು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಹಾಡಿ ಹಾಡಿ ದನಿ ಕಟ್ಟಿತ್ತು. ಹಿಂದೆ ಕೂತು ನನ್ನ ಹೆಗಲ ಮೇಲೆ ಕೈಯಿಟ್ಟಳು. ಆ ಕೈಯ ಭಾರಕ್ಕೆ ನನ್ನ ಕಣ್ಣು ಮಂಜಾಯಿತು. ಸಿಗ್ನಲ್ಲಿನಲ್ಲಿ ನಿಂತಾಗ ತಡೆಯಲಾಗದೆ ಕೇಳಿದೆ.

"ಕಾಕು ಹಾಡಿದ್ಲಾ?"

"ಹಾಡಿದ್ಲು. ಪೂರಾ ಹಾಡಿದ್ವಿ."

"ಮೊಬೈಲ್‌ನ್ಯಾಗರ ರೆಕಾರ್ಡ್ ಮಾಡ್ಕೊಂಡ ಬರಬೇಕಿತ್ತಲ್ಲವ್ವಾ."

ಅವ್ವ ಹೆಗಲ ಮೇಲಿನ ಕೈ ತೆಗೆಯಲಿಲ್ಲ. ಸಿಟ್ಟಿನಿಂದ ಹೇಳಲಿಲ್ಲ, ಚಿಕ್ಕವನಿದ್ದಾಗ ಏನಾದರೂ ತಿಳಿಸಿ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು.

"ಅದು ನಿನಗ ಹಾಡಿದ್ದಲ್ಲಪಾ."